ಕೈಮರ, ಕ್ರಾಸ್, ಫೇಸ್: ತುಮಕೂರು ರಸ್ತೆಗೆ ಇಂಗ್ಲಿಷ್ ಹೆಸರುಗಳು ಬಂದ ಕಥೆ

ಮಾದನಾಯಕನಹಳ್ಳಿ ಸ್ಟಾಪಿನಲ್ಲಿ ನಾವು ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. ನೆಲಮಂಗಲದ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬ ಅಜ್ಜಿ ಇಳಿದರು. ಕೈಯಲ್ಲಿ ಪಿಂಚಣಿ ಪಾಸ್‌ಬುಕ್ ಇತ್ತು. ಅಲ್ಲಿದ್ದ ಹುಡುಗನನ್ನು, 'ಪೋಸ್ಟಾಫೀಸು ಎಲ್ಲೈತೆ ಮಗ?' ಎಂದು ಕೇಳಿದರು. ಹುಡುಗ ಫೋನಿನಿಂದ ತಲೆ ಎತ್ತಿ, 'ಸರ್ವಿಸ್ ರೋಡಲ್ಲಿ ಸ್ಟ್ರೈಟ್ ಹೋಗಿ ಅಜ್ಜಿ, ಸೆಕೆಂಡ್ ಕ್ರಾಸಲ್ಲಿ ಲೆಫ್ಟ್ ತಗೊಳ್ಳಿ' ಅಂದ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದೆಲ್ಲ ನಂಗೊತ್ತಾಗಾಕಿಲ್ಲ ಕಣ್ ಮಗ. ಯಾವ ಮರದ ತಾವ ತಿರುಗ್‌ಬೇಕು ಹೇಳು' ಅಂದರು.

ಗುರುತು ಹೇಳಲು ಅಲ್ಲಿ ಮರವೇ ಇರಲಿಲ್ಲ. ಹುಡುಗ ಒಳ್ಳೆಯವನು, ಜೊತೆಯಲ್ಲೇ ಹೋಗಿ ತೋರಿಸಿ ಬಂದ.

ನಮಗೆ ಆ ಮಾತು ತಲೆಯಲ್ಲೇ ಉಳಿಯಿತು. ಬಸ್ಸು, ಪಾಸ್‌ಬುಕ್, ಪೋಸ್ಟಾಫೀಸು ಕೂಡ ಇಂಗ್ಲಿಷ್ ಪದಗಳೇ. ಅವು ಅಜ್ಜಿಗೆ ಇಂಗ್ಲಿಷ್ ಅನಿಸಲಿಲ್ಲ. 'ಸೆಕೆಂಡ್ ಕ್ರಾಸ್' ಮಾತ್ರ ಅನಿಸಿತು. ಯಾಕೆ? ಹುಡುಕುತ್ತಾ ಹೋದಾಗ ನಮಗೆ ಕಂಡದ್ದು ಇಷ್ಟು: ಜಾಗಕ್ಕೆ ಹೊಸ ಪದ ಬಂದಾಗ ಬಹುಪಾಲು ನೆಲದ ಮೇಲೂ ಏನೋ ಬದಲಾಗಿರುತ್ತದೆ. ದಂಡು ಬಂದಾಗ ಒಂದಷ್ಟು ಪದ ಬಂದವು. ರೈಲು, ಪ್ಲೇಗು, ಫ್ಯಾಕ್ಟರಿ ಬಂದಾಗ ಮತ್ತಷ್ಟು ಬಂದವು.

ಇಂಗ್ಲಿಷ್ ಮೊದಲ ಅತಿಥಿಯಲ್ಲ

ನಮ್ಮ ವಿಳಾಸವನ್ನೇ ನೋಡಿ. ಮಾದನಾಯಕನಹಳ್ಳಿ, ದಾಸನಪುರ ಹೋಬಳಿ, ಬೆಂಗಳೂರು ಉತ್ತರ ತಾಲ್ಲೂಕು, ಬೆಂಗಳೂರು ನಗರ ಜಿಲ್ಲೆ. ಹಳ್ಳಿ ನಮ್ಮದು. ತಾಲ್ಲೂಕು, ಜಿಲ್ಲೆ ಎಂಬ ಪದಗಳ ಬೇರು ಅರಬ್ಬಿ ಭಾಷೆಯಲ್ಲಿದೆ. ರಸ್ತೆ, ಬಜಾರು ಪಾರಸಿಯಿಂದ ಬಂದವು. ಕಂದಾಯ ವಸೂಲಿಯ ಜೊತೆ, ವ್ಯಾಪಾರದ ಜೊತೆ ಬಂದ ಈ ಪದಗಳನ್ನು ಇವತ್ತು ಯಾರೂ ಹೊರಗಿನವು ಅನ್ನುವುದಿಲ್ಲ. 'ಆಸ್ಪತ್ರೆ' ಕೂಡ ಯುರೋಪಿನವರ 'ಹಾಸ್ಪಿಟಲ್' ನಮ್ಮ ನಾಲಿಗೆಯಲ್ಲಿ ಸವೆದು ಆದ ಪದ.

ಅಂಚೆಯ ಕಥೆ ಇನ್ನೂ ಚೆನ್ನಾಗಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಮೈಸೂರು ರಾಜ್ಯಕ್ಕೆ ತನ್ನದೇ ಅಂಚೆ ವ್ಯವಸ್ಥೆ ಬಂತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಅಂದರೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಅಂಚೆ ಅನ್ನುವ ಹೆಸರಿನಲ್ಲಿ ಕಾಗದ ಓಡಾಡಿದೆ. ನಮ್ಮ ಪಕ್ಕದ ಅಂಚೆಪಾಳ್ಯದ ಹೆಸರಲ್ಲಿ ಆ ಪದ ಇನ್ನೂ ಇದೆ. ಬಸ್ಸಿನ ಕಂಡಕ್ಟರು ದಿನಾ ಕೂಗುತ್ತಾರೆ, ನಾವು ದಿನಾ ಕೇಳುತ್ತೇವೆ.

ದಂಡು ಮತ್ತು ಪೇಟೆ

ಬೆಂಗಳೂರಿಗೆ ಇಂಗ್ಲಿಷ್ ಜಾಗದ ಪದಗಳು ದೊಡ್ಡದಾಗಿ ಬಂದದ್ದು 1809ರಿಂದ. ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ತೆಗೆದು ಬೆಂಗಳೂರಿನಲ್ಲಿ ನೆಲೆ ಮಾಡಿದರು. ಅವರು ಅದನ್ನು ಕಂಟೋನ್ಮೆಂಟ್ ಅಂದರು. ನಮ್ಮ ಜನ ದಂಡು ಅಂದರು. ಅದಕ್ಕೂ ಮೊದಲು ಸೈನ್ಯ ಬೀಡುಬಿಟ್ಟ ಜಾಗಕ್ಕೆ ನಮ್ಮಲ್ಲಿ 'ಪಾಳ್ಯ' ಅನ್ನುವ ಪದ ಇತ್ತು. ಹಾಗಾಗಿ ಕಂಟೋನ್ಮೆಂಟ್ ಅನ್ನುವ ಪದ ಹೊಸದು, ಅದರ ಅರ್ಥ ಹೊಸದಲ್ಲ.

ಆ ಕಡೆ ಕಂಟೋನ್ಮೆಂಟ್, ಈ ಕಡೆ ಕೆಂಪೇಗೌಡರ ಪೇಟೆ. ಎರಡೂ ಬೆರೆತಾಗ ಪದಗಳೂ ಬೆರೆತವು. ಹತ್ತಿ ವ್ಯಾಪಾರದ ಅರಳೆಪೇಟೆ ಕಾಟನ್‌ಪೇಟೆ ಆಯಿತು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ.

ನಮ್ಮ ಹಳ್ಳಿಗಳ ಜನ ಬೆಂಗಳೂರಿಗೆ ಹೋಗುವುದನ್ನು 'ಮೆಜೆಸ್ಟಿಕ್‌ಗೆ ಹೋಗೋದು' ಅನ್ನುತ್ತಾರೆ. ಮೆಜೆಸ್ಟಿಕ್ ಅನ್ನುವುದು ಅಲ್ಲಿದ್ದ ಒಂದು ಸಿನಿಮಾ ಟಾಕೀಸಿನ ಹೆಸರು. ಟಾಕೀಸು ಹೋಯಿತು, ಹೆಸರು ಉಳಿಯಿತು. ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದ್ದರೂ ಟಿಕೆಟ್ ಕೇಳುವಾಗ ಬಾಯಿಗೆ ಬರುವುದು ಮೆಜೆಸ್ಟಿಕ್ಕೇ. ಕೆರೆಯ ಹೆಸರು ಎಷ್ಟು ಜನಕ್ಕೆ ಗೊತ್ತು?

ಸ್ಟೇಷನ್, ಮೈಲಿ, ಟೋಲು

1864ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆ ಕಡೆಯಿಂದ ರೈಲು ಬಂತು. ಬೆಂಗಳೂರು–ತುಮಕೂರು ರೈಲು ಮಾರ್ಗ ಶುರುವಾದದ್ದು 1884ರಲ್ಲಿ. ಇವತ್ತು ಆ ಹಳಿಯ ಮೇಲೆ ಚಿಕ್ಕಬಾಣಾವರ, ಸೋಲದೇವನಹಳ್ಳಿ, ಗೊಲ್ಲಹಳ್ಳಿ ಸ್ಟೇಷನ್ನುಗಳಿವೆ. ರೈಲಿನ ಜೊತೆ ಸ್ಟೇಷನ್, ಸಿಗ್ನಲ್, ಗೇಟ್ ಬಂದವು. ಗೇಟ್ ಅನ್ನುವ ಪದವನ್ನು ನಮ್ಮ ಜನ ಆಮೇಲೆ ರಸ್ತೆಗೂ ತಂದರು. ಹೆದ್ದಾರಿಯಿಂದ ಹಳ್ಳಿಗೆ ತಿರುಗುವ ಜಾಗಕ್ಕೆ ಇಂಥ ಹಳ್ಳಿ 'ಗೇಟ್' ಅನ್ನುವುದನ್ನು ನೀವೂ ಕೇಳಿರುತ್ತೀರಿ. ಅಲ್ಲಿ ಯಾವ ಗೇಟೂ ಇರುವುದಿಲ್ಲ. ಇಂಗ್ಲೆಂಡಿನವರಿಗೆ ಈ ಅರ್ಥ ಗೊತ್ತಾಗುವುದಿಲ್ಲ. ಇದು ನಮ್ಮ ಜನ ಕೊಟ್ಟ ಅರ್ಥ.

ರಸ್ತೆ ಕವಲೊಡೆಯುವ ಕಡೆ ಕೈಯ ಆಕಾರದ ಹಲಗೆ ನೆಟ್ಟ ಕಂಬಕ್ಕೆ ಇಂಗ್ಲಿಷಿನಲ್ಲಿ ಹ್ಯಾಂಡ್‌ಪೋಸ್ಟ್ ಅಂದರು. ಹೆಗ್ಗಡದೇವನಕೋಟೆ ಬಳಿ ಹ್ಯಾಂಡ್‌ಪೋಸ್ಟ್ ಅನ್ನುವುದೇ ಒಂದು ಊರಿನ ಹೆಸರಾಗಿ ನಿಂತಿದೆ. ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿ ಅದೇ ವಸ್ತು ಕನ್ನಡದಲ್ಲಿ 'ಕೈಮರ' ಆಗಿದೆ. ಒಂದೇ ಕಂಬ, ಎರಡು ಊರು, ಎರಡು ಭಾಷೆ.

ಸುಂಕ ಕಟ್ಟುವ ಜಾಗವೂ ಹಾಗೆಯೇ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯೂ ಇದೆ, ಟೋಲ್‌ಗೇಟ್ ಅನ್ನುವ ಸ್ಟಾಪೂ ಇದೆ. ನಮ್ಮ ತುಮಕೂರು ರಸ್ತೆಯಲ್ಲಿ ಟೋಲು ಮಾತ್ರ ಇದೆ. ಸುಂಕ ಅನ್ನುವ ಪದ ಅಲ್ಲಿ ಊರಿನ ಹೆಸರಾಗಿ ಉಳಿಯಿತು. ದುಡ್ಡು ಕಟ್ಟುವುದಂತೂ ಯಾವ ಹೆಸರಿದ್ದರೂ ತಪ್ಪಲಿಲ್ಲ.

ದಾಸರಹಳ್ಳಿ ಹತ್ತಿರದ 'ಎಂಟನೇ ಮೈಲಿ' ಕೂಡ ಹಳೆಯ ಕಾಲದ ಗುರುತು. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂತು. ಮೈಲಿ ಹೋಗಿ ಕಿಲೋಮೀಟರ್ ಬಂತು. ಆ ಸ್ಟಾಪು ಮಾತ್ರ ಈಗಲೂ ಎಂಟನೇ ಮೈಲಿಯೇ.

ಅಜ್ಜಿಗೆ ಅರ್ಥವಾಗದ ಕ್ರಾಸ್

ಈಗ ಸೆಕೆಂಡ್ ಕ್ರಾಸಿಗೆ ಬರೋಣ. 1890ರ ದಶಕದಲ್ಲಿ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. 1898ರಲ್ಲಿ ಪ್ಲೇಗ್ ಬಂದ ಮೇಲೆ ಇಕ್ಕಟ್ಟಿನ ಪೇಟೆ ಬಿಟ್ಟು ಜನ ಅಲ್ಲಿಗೆ ಹೋದರು. ಗಾಳಿ ಬೆಳಕು ಬರಲಿ ಎಂದು ಅಲ್ಲಿ ಗೆರೆ ಎಳೆದ ಹಾಗೆ ನೇರ ರಸ್ತೆಗಳನ್ನು ಮಾಡಿದ್ದರು. ಉದ್ದದ ದೊಡ್ಡ ರಸ್ತೆ ಮೇನ್, ಅದನ್ನು ಅಡ್ಡ ಹಾಯುವುದು ಕ್ರಾಸ್. ಪೇಟೆಯ ಬೀದಿಗಳಿಗೆ ಅಲ್ಲಿ ಕೂತ ಜನರ ಕಸುಬಿನ ಹೆಸರುಗಳಿದ್ದವು: ಅಕ್ಕಿಪೇಟೆ, ಬಳೆಪೇಟೆ, ಕುಂಬಾರಪೇಟೆ. ಹೊಸ ಬಡಾವಣೆಯಲ್ಲಿ ಬೀದಿಗೆ ನಂಬರು ಬಂತು.

1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದವು. ಬ್ಲಾಕ್, ಸ್ಟೇಜ್, ಫೇಸ್ ಊರೆಲ್ಲ ಹರಡಿದವು. ಸ್ಟೇಜ್, ಫೇಸ್ ಅಂದರೆ ಹಂತ ಎಂದಷ್ಟೇ ಅರ್ಥ. ಒಂದೇ ಸಲಕ್ಕೆ ಜಮೀನು ಸಾಲದೆ ಹಂತ ಹಂತವಾಗಿ ಬಡಾವಣೆ ಬೆಳೆದಾಗ ಒಂದನೇ ಸ್ಟೇಜ್, ಎರಡನೇ ಸ್ಟೇಜ್ ಎಂದು ಕರೆದರು.

ಅಜ್ಜಿಯ ತೊಡಕು ಇಲ್ಲೇ ಇತ್ತು. ಹಳ್ಳಿಯವರಿಗೆ ಕ್ರಾಸ್ ಅಂದರೆ ಹೆದ್ದಾರಿಯಿಂದ ಊರಿಗೆ ತಿರುಗುವ ಜಾಗ, ಮಾಕಳಿ ಕ್ರಾಸ್ ಅಂದ ಹಾಗೆ. ಹುಡುಗನಿಗೆ ಕ್ರಾಸ್ ಅಂದರೆ ಲೇಔಟಿನ ಅಡ್ಡ ರಸ್ತೆ. ಪದ ಒಂದೇ, ಅರ್ಥ ಬೇರೆ. ನಂಬರ್ ಹಾಕಿದ ಅಡ್ಡ ರಸ್ತೆ ಬೆಂಗಳೂರಿನಿಂದ ನಮ್ಮ ಊರಿಗೆ ಬರಲು ಸುಮಾರು ನೂರು ವರ್ಷ ತೆಗೆದುಕೊಂಡಿದೆ.

ಹೊಲ ಏರಿಯಾ ಆದಾಗ

1966ರಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಬಂತು. 1970ರ ದಶಕದಲ್ಲಿ ಪೀಣ್ಯ ಬೆಳೆಯಿತು. ಪೀಣ್ಯ ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್ ಅನ್ನುವ ಮಾತು ಬಂತು. ಅದೇ ಕಾಲಕ್ಕೆ ಇನ್ನೊಂದು ದಿಕ್ಕಿನಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲ ಎಲೆಕ್ಟ್ರಾನಿಕ್ ಸಿಟಿ ಆಯಿತು. ತುಮಕೂರು ರಸ್ತೆಯ ಉದ್ದಕ್ಕೂ ಶೆಡ್ಡು, ಯಾರ್ಡು, ಗೋಡೌನು ಬಂದವು. ಗೋಡೌನ್ ಪದ ಇಂಗ್ಲಿಷಿಗೆ ಹೋದದ್ದು ಮಲಯ ಭಾಷೆಯಿಂದ, ಅಲ್ಲಿಗೆ ಅದು ದಕ್ಷಿಣ ಭಾರತದ ಭಾಷೆಗಳಿಂದಲೇ ಹೋಗಿರಬಹುದು ಎಂದು ನಿಘಂಟುಗಳು ಹೇಳುತ್ತವೆ. ದಾಸನಪುರದಲ್ಲಿ ಎಪಿಎಂಸಿ ಮಾರುಕಟ್ಟೆ ಬಂದ ಮೇಲೆ ಸಂತೆಗೆ ಹೋಗುತ್ತಿದ್ದವರ ಬಾಯಲ್ಲೂ ಈಗ ಯಾರ್ಡು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 'ಇಂಡಸ್ಟ್ರಿಯಲ್ ಏರಿಯಾ' ಬರೀ ಹೆಸರಲ್ಲ. ಆ 1966ರ ಕಾಯ್ದೆಯ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ಒಂದು ಜಾಗವನ್ನು ಹಾಗೆ ಘೋಷಿಸುತ್ತದೆ. ಜಮೀನು ಸ್ವಾಧೀನಕ್ಕೆ ಅದೇ ಕಾಯ್ದೆಯ 28ನೇ ಕಲಮು ಇದೆ. ಆ ನೋಟಿಸಿನಲ್ಲಿ ಅರಳಿಮರ, ಮಾವಿನ ತೋಪು ಎಂದು ಬರೆದಿರುವುದಿಲ್ಲ. ಗ್ರಾಮದ ಹೆಸರು, ಸರ್ವೆ ನಂಬರು, ಎಕರೆ ಗುಂಟೆ ಇರುತ್ತದೆ.

ಸರ್ವೆ ನಂಬರ್ ಕೂಡ ಇಂಗ್ಲಿಷೇ. ಮೈಸೂರು ರಾಜ್ಯದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಓದು ಬರಹ ಬಾರದ ರೈತನಿಗೂ ತನ್ನ ಸರ್ವೆ ನಂಬರು ಬಾಯಿಪಾಠ. ಯಾಕೆಂದರೆ ಅದು ಅವನ ಪಹಣಿಯಲ್ಲಿದೆ, ಅವನ ಅನ್ನ ಅದರಲ್ಲಿದೆ. ಪದ ಯಾವ ಭಾಷೆಯದು ಅನ್ನುವುದಕ್ಕಿಂತ ಅದು ಯಾರ ಕೈಲಿದೆ ಅನ್ನುವುದು ದೊಡ್ಡದು ಎಂದು ನಮಗೆ ಅನಿಸಿದ್ದು ಇಲ್ಲಿಯೇ.

ಮೆಟ್ರೋ ತಂದ ಹೆಸರು

2024ರ ನವೆಂಬರ್ 7ರಂದು ಹಸಿರು ಮಾರ್ಗದ ಮೆಟ್ರೋ ನಾಗಸಂದ್ರದಿಂದ ಮಾದಾವರದವರೆಗೆ ಓಡಲು ಶುರುವಾಯಿತು. ನಡುವೆ ಮಂಜುನಾಥನಗರ, ಚಿಕ್ಕಬಿದರಕಲ್ಲು ನಿಲ್ದಾಣಗಳು. ವಸ್ತು ಪ್ರದರ್ಶನ ಕೇಂದ್ರ ಬಂದ ಮೇಲೆ ಹೊರಗಿನವರು ಮಾದಾವರವನ್ನು ಬಿಐಇಸಿ ಎಂದೇ ಕರೆಯುತ್ತಿದ್ದರು. ಚಿಕ್ಕಬಿದರಕಲ್ಲಿಗೆ ಜಿಂದಾಲ್ ಅನ್ನುವ ಹೆಸರು ಅಂಟಿತ್ತು. ಮೆಟ್ರೋ ಬಂದ ಮೇಲೆ 'ಮುಂದಿನ ನಿಲ್ದಾಣ ಮಾದಾವರ' ಎಂದು ಊರಿನ ಹೆಸರು ರೈಲಿನೊಳಗೆ ಕೇಳುತ್ತಿದೆ. ಹೊಸದು ಬಂದಾಗ ಹಳೆಯ ಹೆಸರು ಹೋಗಲೇಬೇಕೆಂದಿಲ್ಲ, ಉಳಿಸುವ ಮನಸ್ಸಿದ್ದರೆ ಉಳಿಯುತ್ತದೆ.

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯದು, ಹೊಸ ಪದ ಕಲಿಯಲು ಸಂಕೋಚ ಬೇಡ, ಮನೆಯ ಹಿರಿಯರಿಗೆ ಕಲಿಸಲು ಬೇಸರವೂ ಬೇಡ. ಕರ್ನಾಟಕದಲ್ಲಿ 2008ರಿಂದ 108 ಆಂಬುಲೆನ್ಸ್ ಇದೆ. ಎದೆನೋವು ಬಂದಾಗ ಫೋನ್ ಮಾಡಿದರೆ ಆ ಕಡೆಯವರು ಮೊದಲು ಕೇಳುವುದು ಎಲ್ಲಿದ್ದೀರಿ ಎಂದು. ಹೆದ್ದಾರಿಯ ಯಾವ ಬದಿ, ಮೇನ್ ರೋಡೋ ಸರ್ವಿಸ್ ರೋಡೋ, ಎಷ್ಟನೇ ಕ್ರಾಸು, ಹತ್ತಿರ ಯಾವ ಶಾಲೆ ಅಥವಾ ದೇವಸ್ಥಾನ ಎಂದು ಥಟ್ಟನೆ ಹೇಳಲು ಬರಬೇಕು. ಸರ್ವಿಸ್ ರೋಡ್ ಅಂದರೆ ಹೆದ್ದಾರಿಯ ಪಕ್ಕದಲ್ಲಿ ಊರಿನವರ ಓಡಾಟಕ್ಕೆ ಇರುವ ರಸ್ತೆ. ಲೆಫ್ಟ್ ಎಡ, ರೈಟ್ ಬಲ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಜ್ಜಿಯ ಫೋನಿನ ಕವರಿನಲ್ಲಿ ಇಟ್ಟರೂ ಸಾಕು.

ಎರಡನೆಯದು, ಲೇಔಟಿನ ಕೆಳಗೆ ಏನಿತ್ತು ಎಂದು ಬರೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಮಾಡಿ. ಒಂದರಲ್ಲಿ ಇವತ್ತಿನ ಹೆಸರು, ಇನ್ನೊಂದರಲ್ಲಿ ಹಿರಿಯರು ಹೇಳುವ ಹೆಸರು, ಮೂರನೆಯದರಲ್ಲಿ ಗೊತ್ತಿದ್ದರೆ ಸರ್ವೆ ನಂಬರು. ಕೆರೆಯ ಅಂಗಳ, ರಾಜಕಾಲುವೆ, ಗೋಮಾಳ, ಕುಂಟೆ, ತೋಪು, ಸ್ಮಶಾನಕ್ಕೆ ಹೋಗುವ ದಾರಿ ಯಾವುದನ್ನೂ ಬಿಡಬೇಡಿ. ನಾಳೆ ಕಾಲುವೆ ಮುಚ್ಚಿ ಮಳೆನೀರು ಮನೆಗೆ ನುಗ್ಗಿದಾಗ, 'ಇಲ್ಲಿ ಕಾಲುವೆ ಇತ್ತು' ಎಂದು ಕಚೇರಿಯಲ್ಲಿ ಹೇಳಲು ಆ ನೋಟ್‌ಬುಕ್ ಬೇಕಾಗುತ್ತದೆ. ಹಳೆಯ ಹೆಸರು ಇದ್ದರೆ ಹಳೆಯ ನಕ್ಷೆ ಹುಡುಕುವುದು ಸುಲಭ.

ಅಂದು ಆ ಅಜ್ಜಿ ಪೋಸ್ಟಾಫೀಸು ಮುಗಿಸಿ ಬಸ್ಸಿಗೆ ವಾಪಸ್ ಬಂದಾಗ ನಾವಿನ್ನೂ ಅಲ್ಲೇ ಇದ್ದೆವು. ಮರದ ವಿಷಯ ಕೇಳಿದೆವು. ತಿರುವಿನಲ್ಲಿ ಹಿಂದೆ ಒಂದು ಹುಣಸೆಮರ ಇತ್ತಂತೆ, ಸಂತೆಗೆ ಹೋಗುವವರು ಅದರ ನೆರಳಲ್ಲಿ ಗಾಡಿ ಬಿಡುತ್ತಿದ್ದರಂತೆ. ನಮ್ಮ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಸೆಕೆಂಡ್ ಕ್ರಾಸ್ ಎಂದು ಬರೆದು, ಅದರ ಪಕ್ಕದಲ್ಲಿ ಹುಣಸೆಮರದ ತಿರುವು ಎಂದು ಬರೆದುಕೊಂಡಿದ್ದೇವೆ.