ಜೋಲಿಯಿಂದ ತೊಟ್ಟಿಲಿಗೆ ಎಷ್ಟು ದೂರ?



2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ನಾವೂ ಖುಷಿಪಟ್ವಿ. ಆ ಗುಡಿಗಳ ಸುತ್ತಲ ಹೊಲದ ಮರಗಳಿಗೆ ಕಟ್ಟಿದ ಹಳೇ ಸೀರೆ ಜೋಲಿಗೂ ಒಂದು ಚರಿತ್ರೆ ಇದೆ. ಅದಕ್ಕೆ ಯಾರೂ ಶಾಸನ ಕೆತ್ತಿಸಲಿಲ್ಲ, ಅಷ್ಟೇ.

ನಮ್ಮಜ್ಜಿ ಅರಸೀಕೆರೆ ಸೀಮೆಯವರು, ರಾಗಿ ಹೊಲದ ಕೂಲಿ. ಕೇರಿಗೆಲ್ಲ ಸೇರಿ ಇದ್ದದ್ದು ಒಂದೇ ಮರದ ತೊಟ್ಟಿಲಂತೆ. ಹೆಸರಿಡೋ ದಿನ ಕೂಸನ್ನ ಅದರಲ್ಲಿ ಮಲಗಿಸಿ ಶಾಸ್ತ್ರ ಮಾಡೋದು, ಮಾರನೇ ದಿನ ವಾಪಸ್. ಆಮೇಲೆ ಕೂಸಿಗೆ ಹೊಂಗೆ ಮರದ ಜೋಲಿನೇ ಗತಿ. ತೂಗೋಕೆ ದೊಡ್ಡ ಮಗಳು. ನಮ್ಮ ದೊಡ್ಡಮ್ಮ ಹಾಗೇ ತಮ್ಮಂದಿರು ತಂಗಿಯರನ್ನ ತೂಗಿ ತೂಗಿ ಸ್ಲೇಟು ಮುಟ್ಟಲೇ ಇಲ್ಲ. ಜೋಲಿ ನೋಡಿ 'ಎಷ್ಟು ಚಂದ' ಅಂತ ಫೋಟೋ ತೆಗೆಯೋರು ಆ ಹಗ್ಗ ಹಿಡಿದ ಹುಡುಗಿ ಮುಖಾನೂ ಒಮ್ಮೆ ನೋಡ್ಬೇಕು.

ಜೋಲಿ ತಪ್ಪಲ್ಲ, ಬಡವರ ಜಾಣತನ ಅದು. ಇರುವೆ, ಹುಳ, ನಾಯಿಯಿಂದ ಕೂಸು ಉಳಿದದ್ದೇ ಅದರಿಂದ. ಆದ್ರೆ ಬಟ್ಟೆ ಬಾಗಿ ಕೂಸಿನ ಗದ್ದ ಎದೆಗೆ ಒತ್ತಿದ್ರೆ ಉಸಿರು ಕಟ್ಟುತ್ತೆ. ಮಗು ಮಗ್ಗುಲಾಗೋಕೆ ಶುರು ಮಾಡಿದ ಮೇಲಂತೂ ಜೋಲಿ ಬಿಡಿಸ್ಲೇಬೇಕು. ಗಟ್ಟಿಯಾದ ಸಮತಟ್ಟು ಹಾಸಿಗೆ, ಬೆನ್ನ ಮೇಲೆ ಮಲಗಿಸೋದು, ದಿಂಬು ಬೇಡ. ತೊಟ್ಟಿಲಾದ್ರೆ ಕಂಬಿ ಸಂದಿಯಲ್ಲಿ ತಲೆ ತೂರಬಾರದು. ಇಷ್ಟೇ. ಆದ್ರೆ ಹೊಲದಲ್ಲಿ ಆ ಸಮತಟ್ಟು ಜಾಗ ಎಲ್ಲಿ? ನೋಡ್ಕೊಳ್ಳೋರು ಯಾರು?

ಈ ಪ್ರಶ್ನೆಯನ್ನ ಕಾನೂನಿನ ಮನೆಯೊಳಗೆ ತಂದವರಲ್ಲಿ ಬಾಬಾಸಾಹೇಬರೂ ಒಬ್ಬರು. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆ ಪರ ನಿಂತು, ಹೆರಿಗೆಗೆ ಮುಂಚೆಯೂ ಆಮೇಲೆಯೂ ತಾಯಿಗೆ ವಿಶ್ರಾಂತಿ ಬೇಕು, ಅದು ದೇಶದ ಹಿತ ಅಂತ ವಾದಿಸಿದ್ರು. 1929ರಲ್ಲಿ ಕಾಯ್ದೆ ಬಂತು, ಆದ್ರೆ ಕಾರ್ಖಾನೆ ಹೆಂಗಸರಿಗೆ. ನಮ್ಮಜ್ಜಿ ಹೊಲದವರು.

1951ರ ತೋಟ ಕಾರ್ಮಿಕರ ಕಾಯ್ದೆ 50 ಹೆಂಗಸರು ದುಡಿಯೋ ತೋಟದಲ್ಲಿ ಕೂಸುಗಳಿಗೆ ಒಂದು ಕೋಣೆ, ನೋಡ್ಕೊಳ್ಳೋಕೆ ತರಬೇತಿ ಇರೋ ಹೆಂಗಸು ಇರ್ಲೇಬೇಕು ಅಂತು. ಅಂದ್ರೆ ಬೇಲೂರಿನ ಅರೇಹಳ್ಳಿ, ಬಿಕ್ಕೋಡು ಕಡೆಯ ದೊಡ್ಡ ಕಾಫಿ ತೋಟಗಳಿಗೂ ಅದು ಲಾಗೂ ಆಗಿತ್ತು. ಸಣ್ಣ ತೋಟ ಆದ್ರೆ? ಮತ್ತೆ ಸಿಲ್ವರ್ ಓಕ್ ಮರ, ಹಳೇ ಸೀರೆ. ಹಳೇಬೀಡು ಬಯಲಲ್ಲಿ ಆಲೂಗಡ್ಡೆ ಕೀಳೋ ಕೂಲಿಯವರಿಗಂತೂ ಈ ಕಾಯ್ದೆನೇ ಇರಲಿಲ್ಲ.

2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಮಣ್ಣು ಹೊರೋ ತಾಯಿ ಕಾಣಿಸಿದಳು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ರೆ ಅವರನ್ನ ನೋಡ್ಕೊಳ್ಳೋಕೆ ಒಬ್ಬ ಹೆಂಗಸು, ಅವಳಿಗೂ ಕೂಲಿ. ನಮ್ಮ ದೊಡ್ಡಮ್ಮ ಬಿಟ್ಟಿ ಮಾಡಿದ ಕೆಲಸಕ್ಕೆ ಸರ್ಕಾರ ಬೆಲೆ ಕಟ್ಟಿದ್ದು ಆಗ! ಆಮೇಲೆ 2023ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ 'ಕೂಸಿನ ಮನೆ' ಘೋಷಣೆ ಆಯ್ತು.

ಅರಸೀಕೆರೆ, ಬೇಲೂರು ತಾಲೂಕಿನ ಗೆಳೆಯರೇ, ನಿಮ್ಮ ಪಂಚಾಯ್ತಿಗೆ ಹೋಗಿ ನೋಡಿ. ಕೂಸಿನ ಮನೆ ಬೋರ್ಡ್ ಇದ್ಯಾ, ಬಾಗಿಲು ತೆಗ್ದಿದ್ಯಾ, ಒಳಗೆ ನಮ್ಮ ಕೇರಿ ಮಕ್ಕಳು ಎಷ್ಟಿದ್ದಾರೆ, ಅವರನ್ನ ಎತ್ತಿಕೊಳ್ಳೋರು ಇದ್ದಾರಾ. ಫೋಟೋ ಸಮೇತ ಬರೀರಿ.