ರಾಜೋಳಿಬಂಡಾ ಕಾಲುವೆಯ ಗುಂಟ ಒಂದು ಪ್ರವಾಸ



ದಸರಾ ರಜೆ ಮುಗಿದೊಡನೆ ನಮ್ಮ ಕನ್ನಡ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಂಪಿ, ಬಿಜಾಪುರ ಎಂದು ಪಟ್ಟಿ ಮಾಡುತ್ತೇವೆ. ಬಾಗಿಲ ಮುಂದಿನ ಕಾಲುವೆ ನೆನಪಾಗುವುದಿಲ್ಲ. ಸ್ವೀಡನ್ ದೇಶದಲ್ಲಿ 1832ರಲ್ಲಿ ಮುಗಿದ ಯೋಟಾ ಕಾಲುವೆಯ ಉದ್ದ ಸುಮಾರು 190 ಕಿ.ಮೀ. ಅದರ ದಡದ ಪುಟ್ಟ ಊರುಗಳನ್ನು ನೋಡಲು ಹೊರದೇಶದವರೂ ಬರುತ್ತಾರೆ. ನಮ್ಮ ರಾಜೋಳಿಬಂಡಾ ಕಾಲುವೆ 143 ಕಿ.ಮೀ. ಇದೆ, ಏನು ಕಡಿಮೆ? ಅಲ್ಲಿ ದೋಣಿ, ಇಲ್ಲಿ ಬೆಳೆ, ಅಷ್ಟೇ ವ್ಯತ್ಯಾಸ.

ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಈ ಕಾಲುವೆ ಹೊರಡುತ್ತದೆ. ಮೊದಲ 42 ಕಿ.ಮೀ. ಕರ್ನಾಟಕದಲ್ಲಿ ಹರಿದು, ನಂತರ ಗದ್ವಾಲ ಜಿಲ್ಲೆಗೆ ಬಂದು ಆಲಂಪುರದ ಕಡೆ ಸಾಗುತ್ತದೆ. ಒಂದು ಕಾಲುವೆಗೆ ಎರಡು ರಾಜ್ಯ ಯಾಕೆ ಸಾರ್ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಯೋಜನೆ ಆರಂಭವಾದದ್ದು ಹೈದರಾಬಾದ್ ರಾಜ್ಯದ ಕಾಲದಲ್ಲಿ. 1956ಕ್ಕೆ ಮುಂಚೆ ಗದ್ವಾಲ, ಆಲಂಪುರ ತಾಲೂಕುಗಳೂ ರಾಯಚೂರು ಜಿಲ್ಲೆಗೇ ಸೇರಿದ್ದವು. ಆ ವರ್ಷ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂದವು. ಒಡ್ಡು ಅತ್ತ ಉಳಿಯಿತು, ಹೆಚ್ಚಿನ ಹೊಲ ಇತ್ತ.

ಬಚಾವತ್ ನ್ಯಾಯಮಂಡಳಿ ಈ ಯೋಜನೆಗೆ ಕೊಟ್ಟ 17.1 ಟಿಎಂಸಿ ನೀರಿನಲ್ಲಿ 15.9 ಇತ್ತಲಿನ ಪಾಲು, 1.2 ಕರ್ನಾಟಕದ್ದು. ಕಾಗದದಲ್ಲಿ ಹೀಗಿದ್ದರೂ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲವೆಂಬ ದೂರು ಬಹಳ ಹಳೆಯದು. ಆ ಕೊರತೆ ತುಂಬಲೆಂದೇ ತುಂಗಭದ್ರೆಯಿಂದ ನೀರೆತ್ತುವ ತುಮ್ಮಿಳ್ಳ ಯೋಜನೆ ಬಂತು.

ನೀವು ಯಾವ ಊರಿನಿಂದ ಇಲ್ಲಿಗೆ ಬಂದಿರಿ ಎಂದು ನಮ್ಮ ಮಕ್ಕಳನ್ನು ಕೇಳುವವರು ಈಗಲೂ ಇದ್ದಾರೆ. ನಾವು ಎಲ್ಲಿಂದಲೂ ಬರಲಿಲ್ಲ, ಗಡಿಯೇ ನಮ್ಮ ನಡುವೆ ಬಂತು. ಕಾಲುವೆ ದಡದಲ್ಲಿ ನಿಲ್ಲಿಸಿ ಹೇಳಿದರೆ ಐದನೇ ತರಗತಿಯ ಮಗುವಿಗೂ ಇದು ತಿಳಿಯುತ್ತದೆ.

ಇನ್ನು ದಾರಿಯ ಮಾತು. ನಾರಾಯಣಪೇಟೆಯವರು ಮಕ್ತಲ್, ಅಮರಚಿಂತ ಮೂಲಕ ಜುರಾಲಾ ಅಣೆಕಟ್ಟು ದಾಟಿ ಗದ್ವಾಲಕ್ಕೆ ಹೋಗಬಹುದು. ಜುರಾಲಾದ ಬಲದಂಡೆ ಕಾಲುವೆಗೆ ನಲ್ಲ ಸೋಮನಾದ್ರಿಯ ಹೆಸರಿದೆ. ಗದ್ವಾಲ ಕೋಟೆ ಕಟ್ಟಿಸಿದ ಅರಸ ಸೋಮನಾದ್ರಿ, ಹಾಗಾಗಿ ಕೋಟೆಯನ್ನೂ ತೋರಿಸಿ. ರಾಯಚೂರಿನಿಂದ ಬರುವವರಿಗೆ 2013ರಿಂದ ಗದ್ವಾಲಕ್ಕೆ ರೈಲು ಮಾರ್ಗವಿದೆ. ಗದ್ವಾಲದಿಂದ ಐಜ ಕಡೆಯ ಬಸ್ಸು ಹಿಡಿಯಬೇಕು. ಬಸ್ಸಿನ ಬೋರ್ಡು ತೆಲುಗಿನಲ್ಲಿದ್ದರೆ ಅಂಜಬೇಡಿ, ಕನ್ನಡ ಬಲ್ಲ ಮಗು ಅರ್ಧಕ್ಕಿಂತ ಹೆಚ್ಚು ಅಕ್ಷರ ತಾನೇ ಓದುತ್ತದೆ. ಅದೊಂದು ಒಳ್ಳೆಯ ಆಟ!

ಒಡ್ಡು ಮತ್ತು ಆಲಂಪುರ ಎರಡನ್ನೂ ಒಂದೇ ದಿನದಲ್ಲಿ ನೋಡಲು ಹೋಗಬೇಡಿ, ಮಕ್ಕಳು ಬಸವಳಿಯುತ್ತಾರೆ. ಕಾಲುವೆ ವರ್ಷವಿಡೀ ಹರಿಯುವುದಿಲ್ಲ. ನೀರು ಬಿಟ್ಟಿದ್ದಾರೆಯೇ ಎಂದು ಅಲ್ಲಿನ ರೈತರನ್ನು ಮೊದಲೇ ವಿಚಾರಿಸಿ. ಹರಿಯುವಾಗ ಇಳಿಜಾರಿಗೆ ಯಾರನ್ನೂ ಬಿಡಬೇಡಿ, ಪಾಚಿ ಜಾರುತ್ತದೆ. ರೊಟ್ಟಿ ಬುತ್ತಿ ಮನೆಯಿಂದಲೇ ಇರಲಿ.

ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳಿವೆ. ಶ್ರೀಶೈಲದ ಹಿನ್ನೀರಿನಲ್ಲಿ ಮುಳುಗಬೇಕಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಳಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಕನ್ನಡ ಶಾಸನಗಳೂ ಈ ಊರಿನಲ್ಲಿ ಸಿಕ್ಕಿವೆ. ನೋಟ್‌ಬುಕ್ಕು, ಪೆನ್ಸಿಲ್ಲು ತರಲು ಮಕ್ಕಳಿಗೆ ಮರೆಯದೆ ಹೇಳಿ.