ಶರ್ಮನ ಸಿಟ್ಟು, ವರ್ಮನ ಹಕ್ಕು: ತಾಳಗುಂದ ಶಾಸನ ಮತ್ತು ‘ಮಯೂರ’ ಚಿತ್ರದ ನಾಯಕ

ರಾಜ್‌ಕುಮಾರ್ ಅವರ ‘ಮಯೂರ’ (1975) ತಾಳಗುಂದ ಶಾಸನದ ಕಥೆಯನ್ನೇ ತೆರೆಗೆ ತಂದಿತೆಂದು ನಮ್ಮ ಸಿನಿಮಾ ಬರಹಗಾರರು ಬರೆಯುತ್ತ ಬಂದಿದ್ದಾರೆ. ಕನ್ನಡದ ಮೊದಲ ದೊರೆ, ಕಂಚಿಯಲ್ಲಿ ಅವಮಾನ, ಖಡ್ಗ, ಬನವಾಸಿ; ಇಷ್ಟನ್ನು ಜೋಡಿಸಿ, ನಾಡಿಗೆ 1973ರಲ್ಲಿ ‘ಕರ್ನಾಟಕ’ವೆಂಬ ಹೆಸರು ಬಂದದ್ದನ್ನೂ ಸೇರಿಸಿದರೆ ಕನ್ನಡ ಗಂಡಸುತನದ ಒಂದು ಸಿದ್ಧ ಚಿತ್ರ ದೊರೆಯುತ್ತದೆ. ಈ ವಾದ ಹೂಡುವವರು ತಾಳಗುಂದದ ಆ ಶಾಸನದ (ಶಿಕಾರಿಪುರ ತಾಲ್ಲೂಕಿನ 176ನೆಯದು) ಪಾಠವನ್ನು ಒಮ್ಮೆ ತೆರೆದು ನೋಡಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ. ರೈಸ್ ಬೆಳಕಿಗೆ ತಂದು, ಕೀಲ್‌ಹಾರ್ನ್ ಸಂಪಾದಿಸಿ ನೂರು ವರ್ಷಕ್ಕೂ ಮಿಕ್ಕ ಪಾಠವದು, ಗುಟ್ಟಿನ ದಾಖಲೆಯೇನಲ್ಲ.

ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಈ ಶಾಸನದ ಪ್ರಕಾರ ಮಯೂರಶರ್ಮ ಹುಟ್ಟಿನಿಂದ ಬ್ರಾಹ್ಮಣ. ಓದನ್ನು ಪೂರೈಸಲು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾಗುತ್ತದೆ (ಹೆಚ್ಚಿನ ವಿದ್ವಾಂಸರ ಓದು ಇದು, ಬೇರೆ ಓದನ್ನು ಒಪ್ಪಿದರೂ ನನ್ನ ವಾದಕ್ಕೆ ಬಾಧೆಯಿಲ್ಲ). ಈ ಕಲಿಗಾಲದಲ್ಲಿ ಬ್ರಾಹ್ಮಣರು ಕ್ಷತ್ರಿಯರ ಮುಂದೆ ಇಷ್ಟು ದುರ್ಬಲರಾದರಲ್ಲ ಎಂದು ಆತ ಕುದಿಯುತ್ತಾನೆ; ದರ್ಭೆ ಸಮಿತ್ತು ಹಿಡಿದ ಕೈಯಲ್ಲೇ ಕತ್ತಿ ಹಿಡಿಯುತ್ತಾನೆ. ಗಡಿ ಕಾಯುವವರನ್ನು ಸೋಲಿಸಿ, ಶ್ರೀಪರ್ವತದ ಸುತ್ತಲ ಕಾಡನ್ನು ಆಕ್ರಮಿಸಿ, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡುತ್ತಾನೆ. ಅವನಿಗೆ ರಾಜ್ಯ ಪಿತ್ರಾರ್ಜಿತವಲ್ಲ. ಅಪ್ಪನ ಸಿಂಹಾಸನದ ಮಾತು ಶಾಸನದಲ್ಲಿ ಎಲ್ಲಿಯೂ ಬರುವುದಿಲ್ಲ. ಅವನ ಬಂಡವಾಳ ಸಿಟ್ಟೊಂದೇ.

ಪರದೆಯ ಮೇಲೆ ಏನಾಗುತ್ತದೆ? ಕಂಚಿಯ ಬ್ರಾಹ್ಮಣ ತರುಣನೆಂದು ಬೆಳೆದವನಿಗೆ ತಾನು ಕದಂಬ ರಾಜಕುಮಾರನೆಂಬ ಸತ್ಯ ತಿಳಿಯುತ್ತದೆ. ಅಲ್ಲಿಂದಾಚೆ ಅವನ ಹೋರಾಟ, ಕೈತಪ್ಪಿದ್ದನ್ನು ಮರಳಿ ಪಡೆಯುವ ವಾರಸುದಾರನ ಹೋರಾಟ. ಚಿತ್ರದ ಮೂಲ ದೇವುಡು ಅವರ ಕಾದಂಬರಿ. (ಕ್ಷತ್ರಿಯ ವಿಶ್ವಾಮಿತ್ರ ಬ್ರಹ್ಮರ್ಷಿಯಾದ ಕಥೆಯನ್ನು ‘ಮಹಾಬ್ರಾಹ್ಮಣ’ವಾಗಿ ಬರೆದ ಲೇಖಕರಿಗೆ ಎದುರು ದಿಕ್ಕಿನಲ್ಲಿ ನಡೆದ ಮಯೂರನೂ ಒದಗಿದ್ದು ಕಾಕತಾಳೀಯವಿರಲಾರದು.) ಈ ಬದಲಾವಣೆಯಲ್ಲಿ ಕಾದಂಬರಿಯ ಪಾಲೆಷ್ಟು, ಚಿತ್ರಕಥೆಯ ಪಾಲೆಷ್ಟು ಎಂಬ ತೂಕ ನನಗಿಲ್ಲಿ ಬೇಡ, ಪ್ರೇಕ್ಷಕ ಕಂಡದ್ದು ರಾಜ್‌ಕುಮಾರ್ ಅವರ ಮೈಮೇಲೆ ಬಂದ ಮಯೂರನನ್ನು. ಆ ಮಯೂರನೂ ಮೊದಲಿನಿಂದ ಶೂರನೇ. ಆದರೆ ಅವನ ಶೌರ್ಯ ರಾಜ್ಯ ಕೇಳಬೇಕಾದರೆ ಹುಟ್ಟಿನ ಪರವಾನಗಿ ಬೇಕಾಯಿತು.

‘ಕನ್ನಡ ವಿರುದ್ಧ ತಮಿಳು’ ಎಂಬ ಓದಂತೂ ಶಾಸನದ ಮುಂದೆ ನಿಲ್ಲುವುದಿಲ್ಲ. ಪಲ್ಲವರ ಅಂದಿನ ಶಾಸನಗಳು ಪ್ರಾಕೃತ, ಸಂಸ್ಕೃತದವು. ಮಯೂರಶರ್ಮನದೆನ್ನಲಾದ ಚಂದ್ರವಳ್ಳಿಯ ಬರಹವೂ ಪ್ರಾಕೃತದ್ದೇ, ಅದೂ ಒಂದು ಕೆರೆಯ ವಿಷಯ. ಮೇಲಾಗಿ, ಕಾದಾಡಿದ ಮೇಲೆ ಪಲ್ಲವರು ಅವನೊಡನೆ ಸ್ನೇಹ ಬೆಳೆಸಿದರು, ಅವನು ಅವರ ಸೇವೆಗೆ ನಿಂತ, ಅವರಿಂದಲೇ ಪಟ್ಟ ಪಡೆದ ಎಂದು ಕುಬ್ಜನೇ ಹೇಳುತ್ತಾನೆ. ಚಿತ್ರಮಂದಿರದಲ್ಲಿ ಕೂತ ಪ್ರೇಕ್ಷಕರಿಗೆ ಪಲ್ಲವರಲ್ಲಿ ತಮಿಳರು ಕಂಡಿದ್ದರೆ ಅದರ ಕಾರಣ ನಾಲ್ಕನೆಯ ಶತಮಾನದ್ದಲ್ಲ, ಅನಕೃ, ಮ. ರಾಮಮೂರ್ತಿಯವರ ಕಾಲದ ಬೆಂಗಳೂರಿನದು.

ಎಂ.ಎಸ್.ಎಸ್. ಪಾಂಡಿಯನ್ ಅವರು 1992ರಲ್ಲಿ ಎಂಜಿಆರ್ ಕುರಿತು ಬರೆದ ಪುಸ್ತಕದ ಅಚ್ಚಿಗೆ ರಾಜ್‌ಕುಮಾರ್ ಅವರನ್ನು ಸುರಿಯುವವರು ಎಡವುವುದು ಹುಟ್ಟಿನ ಹಕ್ಕಿನ ಈ ಪ್ರಶ್ನೆಯಲ್ಲಿಯೇ. ಪುಸ್ತಕ ಚೆನ್ನಾಗಿದೆ, ತಪ್ಪು ಸಾಲ ಪಡೆದವರದು. ‘ನಾಡೋಡಿ ಮನ್ನನ್’ (1958) ಚಿತ್ರದಲ್ಲಿ ಸಾಮಾನ್ಯನೊಬ್ಬ ರಾಜನ ಜಾಗದಲ್ಲಿ ಕೂತು ಆಳುತ್ತಾನೆ. ಸಿಂಹಾಸನದ ಮೇಲೆ ಹುಟ್ಟಿನ ಹಕ್ಕಿಲ್ಲದವನಿಗೆ ಜನಕ್ಕೆ ಏನು ಮಾಡಿಕೊಡುತ್ತೇನೆಂಬ ಕಾರ್ಯಕ್ರಮ ಬೇಕೇ ಬೇಕು. ಆ ಪಾತ್ರದಿಂದ ಪಕ್ಷಕ್ಕೆ, ಪಕ್ಷದಿಂದ 1977ರ ಮುಖ್ಯಮಂತ್ರಿ ಪದವಿಗೆ ದಾರಿಯಿದೆ. ಮಯೂರ ಯಾರ ಮತವನ್ನೂ ಕೇಳಬೇಕಿಲ್ಲ. ಅವನು ದೊರೆಯಾಗುವುದಿಲ್ಲ, ದೊರೆಯೇ ಆಗಿದ್ದನೆಂದು ಗೊತ್ತಾಗುತ್ತದೆ.

ಭಾಷಿಕ ರಾಷ್ಟ್ರಕ್ಕೆ ಸಿಗದ ಸಾರ್ವಭೌಮತ್ವವನ್ನು ತಾರೆಯರು ತುಂಬಿಕೊಟ್ಟರೆಂಬ ಮಾಧವ ಪ್ರಸಾದರ ವಾದಕ್ಕೆ ನಾನು ಋಣಿ, ಬಹುಮಟ್ಟಿಗೆ ಅದರ ಪರವೂ ಹೌದು. ಅದಕ್ಕೆ ಸೇರಬೇಕಾದ ತಿದ್ದುಪಡಿಯೆಂದರೆ ಆ ಸಾರ್ವಭೌಮತ್ವ ಎಲ್ಲ ಕಡೆ ಒಂದೇ ಬಗೆಯದಲ್ಲ. 1982ರಲ್ಲಿ ಎನ್‌ಟಿಆರ್ ತೆಲುಗು ದೇಶಂ ಕಟ್ಟಿದರು; ಅದೇ ವರ್ಷ ಗೋಕಾಕ್ ಚಳವಳಿಯ ಮುಂಚೂಣಿಗೆ ಬಂದ ರಾಜ್‌ಕುಮಾರ್ ಪಕ್ಷ ಕಟ್ಟಲಿಲ್ಲ, ಎಂದೂ ಚುನಾವಣೆಗೆ ನಿಲ್ಲಲಿಲ್ಲ. ಇದನ್ನು ‘ಮುಗ್ಧತೆ’ ಎಂದು ಕರೆದು ಮುಗಿಸುವುದು ಸೋಮಾರಿತನ. ಸ್ವಭಾವದ ಪಾಲು ಇದ್ದೀತು. ಒಂದು ಚಿತ್ರದ ಮೇಲೆ ಇಡೀ ಜೀವನದ ಭಾರ ಹೊರಿಸಲೂಬಾರದು. ಆದರೆ ‘ಬಂಗಾರದ ಮನುಷ್ಯ’ (1972) ಜೊತೆಗಿಟ್ಟು ನೋಡಿ. ಅಲ್ಲಿ ರಾಜೀವ ಕಲ್ಲುನೆಲವನ್ನು ಹಸನು ಮಾಡಿ ಆಸ್ತಿ ಬೆಳೆಸುತ್ತಾನೆ. ಅಕ್ಕನ ಮಗನೇ ಚುಚ್ಚಿ ಮಾತಾಡಿದಾಗ ಎದುರಾಡದೆ ಎದ್ದು ಹೋಗುತ್ತಾನೆ. ಒಬ್ಬನದು ಹುಟ್ಟಿನಿಂದ ಬಂದದ್ದು, ಅದಕ್ಕಾಗಿ ಕಾದುತ್ತಾನೆ. ಇನ್ನೊಬ್ಬನದು ದುಡಿದು ಗಳಿಸಿದ್ದು, ಅದನ್ನು ಬಿಟ್ಟುಕೊಡುತ್ತಾನೆ. ಕೇಳಿ ಪಡೆಯುವ ಗಂಡಸು ಎರಡರಲ್ಲೂ ಇಲ್ಲ. ಕುಬ್ಜನ ಮಯೂರಶರ್ಮನಾದರೋ ಬರಿಯ ಸಿಟ್ಟಿನ ಮೇಲೆ ಕಾಡು ಹಿಡಿದು, ಕಪ್ಪ ಎತ್ತಿ, ಕೊನೆಗೆ ಹಗೆಯೊಡನೆ ಚೌಕಾಸಿ ಮಾಡಿ ನೆಲ ಪಡೆದವನು. ಅಂಥವನು ಕನ್ನಡ ತೆರೆಗೆ ಇನ್ನೂ ಬಂದಿಲ್ಲವೆಂದೇ ನನ್ನ ಅಭಿಪ್ರಾಯ.